ಒಳಗಿನ ಚಿಲಕ

ಹಾರೆಯಕ್ಕ ತನ್ನ ಜನ್ಮದಲ್ಲಿ ಎಷ್ಟು ಬಚ್ಚಲು, ಎಷ್ಟು ಕಕ್ಕಸು ಒಡೆದಿದ್ದಳೋ ಲೆಕ್ಕ ಇಟ್ಟವರಿಲ್ಲ. ಒಂದರೊಳಗೂ ಹೋಗಿ ಚಿಲಕ ಹಾಕಿಕೊಂಡು ಕೂತವಳಲ್ಲ.

ಅವಳ ಕಸುಬು ಮನೆ ಒಡೆಯುವುದು. ಹಳೇ ಮನೆ ಬೇಡವಾದವರು ಕರೆಯುತ್ತಾರೆ. ಹೋಗಿ ಮೇಲಿನಿಂದ ಕೆಳಕ್ಕೆ ಬಿಚ್ಚುತ್ತ ಬರಬೇಕು. ಹೆಂಚು, ತೊಲೆ, ಬಾಗಿಲು, ಗೋಡೆ, ಕಡೆಗೆ ನೆಲ. ಗಂಡ ಸುತ್ತಿಗೆ ಬೀಸುತ್ತಾನೆ. ಮೈದುನ ಗೋಡೆ ನೂಕುತ್ತಾನೆ. ಇವಳು ಹಾರೆ ಹಾಕಿ ಮೀಟುತ್ತಾಳೆ. ಆ ಹಾರೆ ಅವಳಿಗಿಂತ ಉದ್ದ. ಬೆಳಿಗ್ಗೆ ಹಿಡಿದದ್ದನ್ನು ಸಂಜೆ ಬಿಡುವಾಗ ಬೆರಳು ಬಿಚ್ಚುವುದಿಲ್ಲ. ಒಂದು ಕೈಯ ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸಬೇಕು. ಹಾಗೆಂದೇ ಆ ಹೆಸರು ಬಂತು. ಹೆತ್ತವರು ಇಟ್ಟ ಹೆಸರು ಈಗ ಯಾರಿಗೂ ಬೇಕಾಗಿರಲಿಲ್ಲ.

ಭಾರ ಅವಳಿಗೆ ಕಷ್ಟವಲ್ಲ. ಧೂಳೂ ಕಷ್ಟವಲ್ಲ. ಕಷ್ಟವಾದದ್ದು ಒಂದೇ. ಗಂಡಸರು ಎಲ್ಲಿ ಬೇಕಾದರೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ತಾವೇ ಒಡೆಯುತ್ತಿರುವ ಗೋಡೆಗೂ ನಿಲ್ಲುತ್ತಾರೆ. ಹೆಂಗಸು ಎಲ್ಲಿಗೆ ಹೋಗಬೇಕು? ಹಾಗಾಗಿ ಹಾರೆಯಕ್ಕ ಕೆಲಸದ ದಿನ ಬೆಳಕಿರುವಾಗ ನೀರು ಕುಡಿಯುತ್ತಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡರೂ ಕುಡಿಯುತ್ತಿರಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಾಗುತ್ತಿತ್ತು. ಅದನ್ನು ಹೊತ್ತುಕೊಂಡೇ ಇಟ್ಟಿಗೆಯನ್ನೂ ಹೊರುತ್ತಿದ್ದಳು.

ಮನೆಗೆ ಬಂದರೆ ಮುಗಿಯಿತೇ? ಅವರಿದ್ದದ್ದು ತಗಡಿನ ಗೂಡು. ಓಣಿಯ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ಕಕ್ಕಸು. ಅದಕ್ಕೆ ಬಾಗಿಲಿತ್ತು, ಚಿಲಕವಿರಲಿಲ್ಲ. ಒಳಗೆ ಕೂತವರು ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಕೆಮ್ಮುತ್ತಿರಬೇಕು. ಮಂಡಿನೋವಿನ ಅತ್ತೆ ಕೆಮ್ಮುತ್ತಿರಲಿಲ್ಲ, ಹಾಡುತ್ತಿದ್ದಳು.

"ಕೆಮ್ಮಿದ್ರೆ ಮುದುಕಿಗೆ ಕಾಯಿಲೆ ಅಂತಾರೆ. ಹಾಡಿದ್ರೆ ಯಾರಾದ್ರೂ ಹತ್ರ ಬರ್ತಾರಾ? ನನ್ನ ದನಿ ಅಂಥಾದ್ದು," ಎನ್ನುತ್ತಿದ್ದಳು.

ಗಂಡನನ್ನು ಜನ ಕರೆಯುವುದು ಆಯ್ತಪ್ಪ ಎಂದು. ಯಾರು ಏನು ಹೇಳಿದರೂ ಆಯ್ತು ಎನ್ನುವುದು ಅವನ ರೂಢಿ. ಅರ್ಧ ಕೂಲಿ ತಗೋ ಅಂದರೂ ಆಯ್ತು, ನಾಳೆ ಬಾ ಅಂದರೂ ಆಯ್ತು. ಒಮ್ಮೆ ಒಬ್ಬ ಗುತ್ತಿಗೆದಾರ "ನೀನೊಂದು ಕತ್ತೆ ಕಣಯ್ಯಾ" ಎಂದಾಗಲೂ ಬಾಯಿತಪ್ಪಿ ಅದನ್ನೇ ಅಂದು, ಮನೆಗೆ ಬಂದಮೇಲೆ ಬೇಜಾರು ಮಾಡಿಕೊಂಡಿದ್ದ.

"ಇವನು ಹುಟ್ಟಿದಾಗ ಅಳ್ಲೇ ಇಲ್ಲ ಕಣೇ," ಅತ್ತೆ ಸೊಸೆಗೆ ಹೇಳುತ್ತಿದ್ದಳು. "ಸೂಲಗಿತ್ತಿ ಬೆನ್ನಿಗೆ ಒಂದು ತಟ್ಟಿದ್ಲು. ಆಯ್ತು ಅಂದ."

ಈ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಯಾರೂ ಬರೆದಿಟ್ಟದ್ದಲ್ಲ, ಮೀರಿದವರೂ ಇಲ್ಲ. ಮನೆಯವರು ಕೂಲಿ ಕೊಟ್ಟು ಒಡೆಸಿದರೆ ಬಿಚ್ಚಿದ ಮಾಲೆಲ್ಲ ಮನೆಯವರದು. ಕೂಲಿ ಕೊಡುವುದಿಲ್ಲ ಎಂದರೆ ಬಾಗಿಲು, ಕಬ್ಬಿಣ, ಕೊಳಾಯಿ, ಕಲ್ಲು ಎಲ್ಲ ಒಡೆದವರದು. ಕೈಯಿಂದ ಕಾಸು ಬಿಚ್ಚಲಾಗದವರು ಎರಡನೆಯದಕ್ಕೇ ಒಪ್ಪುತ್ತಿದ್ದರು. ಹಾಗೆ ಬಂದ ಚೌಕಟ್ಟುಗಳನ್ನೂ ಸರಳುಗಳನ್ನೂ ಹಾರೆಯಕ್ಕ ಗೂಡಿನ ಹಿಂದೆ ಟಾರ್ಪಾಲು ಹೊದಿಸಿ ಕೂಡಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ ಇರಲಿ ಎನ್ನುತ್ತಿದ್ದಳು.

ಒಂದು ದಿನ ಕಂಡಕ್ಟರ್ ಕರೆದ. ಬಸ್ಸಿನಲ್ಲಿ ಸೀಟಿ ಊದಿ ರಿಟೈರಾದ ಮನುಷ್ಯ. ಮಗಳ ಮನೆ ಸೇರಿಕೊಂಡಿದ್ದ. ತನ್ನ ಹಳೇ ಮನೆಯನ್ನು ಕೆಡವಿ ಜಾಗ ಮಾರುವುದು ಅವನ ಯೋಚನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಕಲ್ಲಿನ ಜಗಲಿ. ಗೋಡೆಗಳಲ್ಲಿ ಬಿರುಕು, ಸೂರಿನಲ್ಲಿ ಆಕಾಶ. ಹಿತ್ತಲಿನಲ್ಲಿ ಒಂದು ಕಕ್ಕಸು. ಬಾಗಿಲನ್ನು ಯಾರೋ ಕದ್ದೊಯ್ದಿದ್ದರು. ಚೌಕಟ್ಟಿನ ಒಳಮೈಗೆ ಚಿಲಕ ಬೀಳುವ ಬಳೆ ಮಾತ್ರ ಹಾಗೇ ಇತ್ತು.

ಹಾರೆಯಕ್ಕ ಆ ಬಳೆಯನ್ನು ಮುಟ್ಟಿ ನೋಡಿದಳು. ಹಾರೆಯನ್ನು ಗೋಡೆಗೆ ಒರಗಿಸಿದಳು.

"ಇದನ್ನ ಒಡೆಯಲ್ಲ," ಅಂದಳು.

"ಹೋಲ್ಡಾನ್," ಅಂದ ಕಂಡಕ್ಟರ್. "ಒಡೆಯೋಕಲ್ವೇನಮ್ಮಾ ಕರೆದದ್ದು?"

"ನಾವೇ ಕೊಳ್ತೀವಿ."

ಕಂಡಕ್ಟರ್ ಅವಳನ್ನು, ಅವಳ ಹಾರೆಯನ್ನು, ಹಿಂದೆ ನಿಂತ ಆಯ್ತಪ್ಪನನ್ನು ನೋಡಿದ. "ಏನಪ್ಪಾ, ಕೊಳ್ತೀಯಾ?"

"ಆಯ್ತು," ಅಂದ ಆಯ್ತಪ್ಪ. ಅವನಿಗೆ ಏನು ಕೇಳಿದರೆಂದೂ ಗೊತ್ತಿರಲಿಲ್ಲ.

ಕಂಡಕ್ಟರ್ ಕೆಟ್ಟವನಲ್ಲ. ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದ. ಅಷ್ಟರೊಳಗೆ ಬ್ಯಾಂಕಿನಿಂದ ಒಪ್ಪಿಗೆ ತಂದರೆ ಮನೆ ಇವರದು. ಇಲ್ಲದಿದ್ದರೆ ಕೆಡವುವುದೇ. "ಆದ್ರೆ ಒಂದು ಮಾತು. ಕೆಡವೋ ಕೆಲಸ ಬೇರೆಯವರಿಗೆ ಕೊಡಲ್ಲ. ನಿಮಗೇ." ಅವನು ಉಪಕಾರವೆಂದೇ ಹೇಳಿದ.

ದಾರಿಯಲ್ಲಿ ಅತ್ತೆ ಅಂದಳು, "ಚೆನ್ನಾಗಿದೆ. ಸಾಲ ಸಿಕ್ಕಿದ್ರೆ ಮನೇಲಿರ್ತೀವಿ. ಸಿಗ್ಲಿಲ್ಲ ಅಂದ್ರೆ ನಮ್ಮ ಮನೇನ ನಾವೇ ಒಡೆದು ಕೂಲಿ ತಗೊಂಡು ಬರ್ತೀವಿ."

ಬ್ಯಾಂಕಿನ ಮುಂದೆ ಒಂದು ದೊಡ್ಡ ಬೋರ್ಡಿತ್ತು. ಮೈದುನ ಅಕ್ಷರ ಕೂಡಿಸಿ ಓದಿದ: ಹಳೇ ಮನೆ ಕೊಳ್ಳಿ, ಹೊಸದು ಮಾಡಿಕೊಳ್ಳಿ. ನೀವು ಹಾಕುವುದು ಚೂರು, ನಾವು ಹಾಕುವುದು ಪೂರಾ. ಬೋರ್ಡಿನಲ್ಲಿ ಗಂಡ ಏಣಿ ಹತ್ತಿ ಬಣ್ಣ ಬಳಿಯುತ್ತಿದ್ದ. ಹೆಂಡತಿ ಏಣಿ ಹಿಡಿದು ನಗುತ್ತಿದ್ದಳು.

"ಮೈಮೇಲೆ ಒಂದು ಹನಿ ಸುಣ್ಣ ಬಿದ್ದಿಲ್ಲ," ಅಂದಳು ಅತ್ತೆ. "ಇವ್ರು ಯಾವ ಸೀಮೆ ರಿಪೇರಿ ಮಾಡ್ತಿದ್ದಾರೆ?"

ಚೂರು ಅವರಲ್ಲಿತ್ತು. ಟಾರ್ಪಾಲಿನಡಿಯ ಚೌಕಟ್ಟು, ಸರಳು ಎಲ್ಲ ಮಾರಿದ್ದರು. ಹಣ ಅತ್ತೆಯ ಸೊಂಟದಲ್ಲಿತ್ತು. ಅತ್ತೆ ಅದನ್ನು ಒತ್ತಿ ಹಿಡಿದು ನಡೆಯುವುದನ್ನು ಕಂಡರೆ ಹೊಟ್ಟೆನೋವೆಂದು ಯಾರಾದರೂ ಔಷಧಿ ಹೇಳಬೇಕು.

ಕಾವಲಿನವನು ಗಾಜಿನ ಬಾಗಿಲಲ್ಲಿ ತಡೆದ. ಕಾಲು ಧೂಳಾಗಿದೆ ಎಂದ. ತೊಳೆದು ಬಂದರು. ಈಗ ಒದ್ದೆಯಾಗಿದೆ ಎಂದ. ಒಣಗುವವರೆಗೆ ಮೆಟ್ಟಿಲ ಮೇಲೆ ನಿಂತರು. ಅಷ್ಟರಲ್ಲಿ ಕಾರಿನಿಂದ ಒಬ್ಬ ಇಳಿದು ಹಾಗೇ ಒಳಗೆ ಹೋದ. ಅವನ ಬೂಟಿಗೂ ಮಣ್ಣಿತ್ತು.

ಸಾಲದ ಸಾಹೇಬನ ಮೇಜಿನ ಮುಂದೆ ಆ ಕಾರಿನವನೇ ಕೂತಿದ್ದ. ಚಹಾ ಬಂದಿತ್ತು. "ನಿಮ್ಮ ಮನೆ ನಾನು ಬಂದು ನೋಡೋದೇನಿದೆ ಬಿಡಿ," ಎಂದು ಸಾಹೇಬ ಕೂತಲ್ಲೇ ಸಹಿ ಹಾಕಿದ. ಚಹಾ ಮುಗಿಯಿತು. ಆಮೇಲೆ ಇವರು ಅದೇ ಮೇಜಿನ ಮುಂದೆ ನಿಂತರು. ಕುರ್ಚಿ ಖಾಲಿಯಿತ್ತು. ಕೂರಿ ಎಂದು ಯಾರೂ ಹೇಳಲಿಲ್ಲ.

"ಏನು ಕೆಲಸ ನಿಂದು?"

"ಮನೆ ಒಡೆಯೋದು ಸಾರ್," ಅಂದಳು ಹಾರೆಯಕ್ಕ.

"ಯಾರ ಮನೆ? ಅತ್ತೆ ಮನೇನಾ?" ಸಾಹೇಬ ತನ್ನ ಮಾತಿಗೆ ತಾನೇ ನಕ್ಕ. ಪಕ್ಕದ ಮೇಜಿನವರೂ ನಕ್ಕರು.

"ಅತ್ತೆ ಇಲ್ಲೇ ಇದ್ದೀನಪ್ಪ," ಅಂದಳು ಅತ್ತೆ. "ನನ್ನದಿನ್ನೂ ಒಡೆದಿಲ್ಲ."

ಸಾಹೇಬ ನಗು ನಿಲ್ಲಿಸಿದ. ಸಾಲ ಕೊಡಬಹುದು ಎಂದ. ಮನೆ ಕೊಳ್ಳಲೂ ರಿಪೇರಿ ಮಾಡಲೂ ಸೇರಿಸಿ ಕೊಡಬಹುದು. ಆದರೆ ಮೊದಲು ತಾನು ಬಂದು ನೋಡಬೇಕು. ಮನೆ ವಾಸಕ್ಕೆ ಯೋಗ್ಯವಾಗಿರಬೇಕು. ಮೇಲೆ ಸೂರು, ಮುಂದೆ ಬಾಗಿಲು, ಒಳಗೆ ನೀರು, ಬಾಗಿಲಿರುವ ಕಕ್ಕಸು. ಇವಿಷ್ಟೂ ಇರಬೇಕು.

ಹಾರೆಯಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಮನೆ ಸರಿ ಇಲ್ಲ ಅಂತ ತಾನೇ ಸಾರ್ ರಿಪೇರಿಗೆ ಸಾಲ ಕೇಳ್ತಿರೋದು?"

"ಹೌದು."

"ಸರಿ ಇದ್ರೆ ಮಾತ್ರ ಕೊಡ್ತೀರಿ?"

"ಹೌದು."

"ಸರಿ ಇದ್ರೆ ರಿಪೇರಿ ಸಾಲ ಯಾಕೆ ಬೇಕು ಸಾರ್?"

"ಅದಕ್ಕೇ ಬಹಳ ಜನ ತಗೊಳಲ್ಲ," ಅಂದ ಸಾಹೇಬ.

ಬರುವ ವಾರ ನೋಡಲು ಬರುತ್ತೇನೆಂದ. ಆಯ್ತಪ್ಪ ಆಯ್ತು ಎಂದ.

ಮನೆ ಇನ್ನೂ ಕಂಡಕ್ಟರನದೇ. ಆದರೂ ಬೀಗದ ಕೈ ಕೊಟ್ಟ. ಕೆಡವುವ ಮನೆ, ಏನು ಮಾಡಿಕೊಂಡರೇನು? ನಾಲ್ವರೂ ಕೆಲಸಕ್ಕಿಳಿದರು. ಹೆಂಚು ಸರಿಸಿ ಆಕಾಶ ಮುಚ್ಚಿದರು. ಮುಂಬಾಗಿಲ ತಿರುಗುಣಿಗೆ ಎಣ್ಣೆ ಬಿಟ್ಟರು. ನಲ್ಲಿ ರಿಪೇರಿಯವನು ಬಂದು ಕೊಳಾಯಿಗೆ ನೀರು ತರಿಸಿ, ಕೂಲಿಗೆ ಬದಲು ಹಳೇ ಪೈಪುಗಳನ್ನು ಹೊತ್ತುಕೊಂಡು ಹೋದ. ಉಳಿದದ್ದು ಕಕ್ಕಸಿನ ಬಾಗಿಲು. ಹೇಗಾದರೂ ಒಂದು ಹಲಗೆ ಬಾಗಿಲು ಹೊಂದಿಸಬಹುದಿತ್ತು, ಆದರೆ ಚೌಕಟ್ಟು ವಾಲಿತ್ತು. ಸಾಹೇಬ ಬರುವ ಹಿಂದಿನ ದಿನ ಹಾರೆಯಕ್ಕ ಅದನ್ನು ನೇರ ಮಾಡಿ ಎಂದು ಗಂಡನಿಗೂ ಮೈದುನನಿಗೂ ಹೇಳಿ, ಹಲಗೆ ತರಲು ಹೋದಳು.

ಅಲ್ಲೇ ತಪ್ಪಿತು. ಚೌಕಟ್ಟು ನೇರ ಮಾಡಲು ಅದರ ಮೇಲಿನ ಇಟ್ಟಿಗೆ ತೆಗೆಯಬೇಕಾಯಿತು. ಇಟ್ಟಿಗೆ ತೆಗೆಯಲು ತಗಡು ಇಳಿಸಬೇಕಾಯಿತು. ತಗಡು ಇಳಿದದ್ದೇ ತಡ, ಇಬ್ಬರ ಕೈಗೂ ಬಾಳಿನುದ್ದದ ಅಭ್ಯಾಸ ಬಂದು ಕೂತಿತು. ಮಾತಿಲ್ಲ, ಕತೆಯಿಲ್ಲ. ಒಬ್ಬ ಬೀಸಿದ, ಒಬ್ಬ ನೂಕಿದ. ಹೊಲ ಕಂಡ ಎತ್ತಿಗೆ ಹೇಳಿಕೊಡಬೇಕೆ? ಹಾರೆಯಕ್ಕ ಹಲಗೆ ಹೊತ್ತು ಬಂದಾಗ ಹಿತ್ತಲು ಬಟಾಬಯಲು. ಇಟ್ಟಿಗೆಗಳನ್ನು ಗಾರೆ ಕೆರೆದು ಅಂದವಾಗಿ ಅಟ್ಟಿ ಕಟ್ಟಿದ್ದರು. ಕೂರುವ ಪೀಠ ಎರಡು ಹೋಳು. ಇಬ್ಬರೂ ಅಟ್ಟಿಗೆ ಒರಗಿ ಕೂತಿದ್ದರು. ಕೆಲಸ ಮುಗಿದವರ ನೆಮ್ಮದಿ ಮುಖದಲ್ಲಿತ್ತು.

"ಮುಗೀತು ಅತ್ತಿಗೆ," ಅಂದ ಮೈದುನ.

"ಏನು ಮುಗೀತು?"

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಗೊತ್ತಾಯಿತು.

ಹಾರೆಯಕ್ಕ ಹಲಗೆಯನ್ನು ಕೆಳಗೆ ಹಾಕಿ ಅದರ ಮೇಲೆ ಕೂತಳು. ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅತ್ತೆ ಕೋಲೂರಿಕೊಂಡು ಬಂದು ನೋಡಿ ಅಂದಳು, "ಇದ್ದದ್ದು ಅರ್ಧ ಕಕ್ಕಸು. ರಿಪೇರಿ ಮಾಡಿ ಮಾಡಿ ಅದನ್ನೂ ನುಂಗಿ ನೀರು ಕುಡಿದ್ರಲ್ಲೋ. ಪುಣ್ಯಕ್ಕೆ ಅಡುಗೆಮನೆ ಬಾಗಿಲು ನೇರ ಇದೆ."

ಮರುದಿನ ಸಾಹೇಬ ಸ್ಕೂಟರಿನಲ್ಲಿ ಬಂದ. ಮೂಗಿಗೆ ಕರವಸ್ತ್ರ. ಎತ್ತಿನ ಹಲ್ಲು ನೋಡುವವನ ಹಾಗೆ ಸೂರು ನೋಡಿದ, ಬಾಗಿಲು ನೋಡಿದ, ನಲ್ಲಿ ತಿರುಗಿಸಿದ. ಹಿತ್ತಲಿಗೆ ಬಂದ.

"ಕಕ್ಕಸು ಎಲ್ಲಿ?"

"ಅದೋ, ಅಲ್ಲಿ ಜೋಡಿಸಿಟ್ಟಿದ್ದೀವಿ," ಅತ್ತೆ ಅಟ್ಟಿ ತೋರಿಸಿದಳು.

ಸಾಹೇಬ ತಲೆ ಆಡಿಸಿದ. ಆಗುವುದಿಲ್ಲ ಎಂದ. ಮನುಷ್ಯರು ಇರುವ ಮನೆಯೇ ಅಲ್ಲ ಎಂದ. ಸ್ಕೂಟರ್ ಹತ್ತಿದವನು ಅಟ್ಟಿಯನ್ನು ಇನ್ನೊಮ್ಮೆ ನೋಡಿದ. ಒಂದು ಇಟ್ಟಿಗೆಯ ಮೂಲೆಯೂ ಮುಕ್ಕಾಗಿರಲಿಲ್ಲ.

"ಕೆಲಸ ಚೊಕ್ಕ ಮಾಡ್ತೀರಿ. ಒಂದು ಮಾಡಿ. ನಮ್ಮನೆ ಕೆಳಗಿನ ಬಚ್ಚಲು ಹಳೇದಾಗಿದೆ, ಹೊಸದು ಮಾಡ್ಸಬೇಕು. ಭಾನುವಾರ ಬಂದು ಒಡೆದುಕೊಡಿ. ಕೂಲಿ ಗೀಲಿ ಅಂತ ಬಾಯಿ ಬಿಡಬೇಡಿ. ನಿಮ್ಮ ಫೈಲು ನಾನು ನೋಡ್ಕೋತೀನಿ. ಇನ್ನೊಂದು ಸಲ ಬಂದು ಮನೇನೂ ನೋಡ್ತೀನಿ."

"ಆಯ್ತು ಸಾರ್," ಅಂದ ಆಯ್ತಪ್ಪ.

ಭಾನುವಾರ ಹೋದರು. ಸಾಹೇಬನ ಹೆಂಡತಿ ಗೇಟಿನಿಂದ ಬಚ್ಚಲಿನವರೆಗೆ ಹಳೇ ಪೇಪರು ಹಾಸಿದ್ದಳು. ಅದರ ಮೇಲೇ ಕಾಲಿಡಬೇಕು. ಮೈದುನ ಓದು ಬಂದವನಾದ್ದರಿಂದ ಒಂದೊಂದು ಹೆಜ್ಜೆಗೂ ನಿಂತು ಸುದ್ದಿ ಓದುತ್ತಿದ್ದ. ಅತ್ತಿಗೆ ಬೆನ್ನಿಗೆ ಗುದ್ದಿದಳು.

ಬಚ್ಚಲು ನೋಡಿದರೆ ಹಳೇದೇ ಅಲ್ಲ. ಬಿಳೀ ಕಮೋಡು, ನೀರಿನ ಟ್ಯಾಂಕು, ಕೈತೊಳೆಯುವ ತೊಟ್ಟಿ. ಹಸಿರು ಬಣ್ಣದ ಗಟ್ಟಿ ಬಾಗಿಲು. ಅದರ ಮೇಲೆ ಮಗು ಯಾವಾಗಲೋ ಅಂಟಿಸಿದ ಬಾತುಕೋಳಿಯ ಚಿತ್ರ, ಕೊಕ್ಕು ಹರಿದದ್ದು. ಒಳಗೆ ಹಿತ್ತಾಳೆಯ ಚಿಲಕ.

ಆ ದಿನ ಹಾರೆಯಕ್ಕನಿಗೆ ಬೆಳಿಗ್ಗೆಯಿಂದಲೇ ಹೊಟ್ಟೆ ಸರಿಯಿರಲಿಲ್ಲ. ತಡೆದಳು. ಮೇಲಿನ ಗಾರೆ ಕೆರೆದಳು. ತಡೆಯಲಾಗಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಸಾಹೇಬನ ಹೆಂಡತಿಯ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದಳು.

"ಅಮ್ಮಾ, ಒಂದು ಸಲ ಒಳಗೆ ಹೋಗಿ ಬರ್ಲಾ? ಹೇಗೂ ಒಡೆಯೋದೇ ಅಲ್ವಾ."

ಆಕೆ ಕಮೋಡು ನೋಡಿದಳು, ಇವಳನ್ನು ನೋಡಿದಳು.

"ಒಡೆಯೋದೇ. ಆದ್ರೂ ಬೇಡ ಕಣಮ್ಮಾ. ನಮ್ಮವ್ರು ಬೇಜಾರು ಮಾಡ್ಕೋತಾರೆ. ರಸ್ತೆ ಕೊನೇಲಿ ಖಾಲಿ ಸೈಟಿದೆ. ಕೆಲಸದವರೆಲ್ಲ ಅಲ್ಲಿಗೇ ಹೋಗೋದು."

ಒಂದು ಗಂಟೆಯಲ್ಲಿ ಕಿತ್ತು ಬೀದಿಗೆ ಬರುವ ಕಮೋಡು ಅದು. ಅದರ ಮೇಲೂ ಅವಳು ಕೂರಬಾರದು.

ಹಾರೆಯಕ್ಕ ಖಾಲಿ ಸೈಟಿಗೆ ಹೋದಳು. ಮೊಳಕಾಲೆತ್ತರದ ಗಿಡ. ಮೂರು ಕಡೆ ಮಹಡಿ ಮನೆಗಳು. ಒಂದು ಬಾಲ್ಕನಿಯಲ್ಲಿ ಒಬ್ಬ ಬನಿಯನ್ನು ತೊಟ್ಟು ಹಲ್ಲುಜ್ಜುತ್ತಿದ್ದ. ಇವಳನ್ನು ಕಂಡು ಉಜ್ಜುವುದು ನಿಲ್ಲಿಸಿದ. ಒಳಗೆ ಹೋಗಲಿಲ್ಲ. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಳು. ಮೈ ಮುಚ್ಚುವಷ್ಟು ಸೆರಗಿರಲಿಲ್ಲ. ಮುಖ ಮುಚ್ಚಿದರೆ ಯಾರೆಂದು ತಿಳಿಯದು, ಅಷ್ಟೇ.

ಹಿಂತಿರುಗಿದವಳ ಮುಖ ಬೇರೆಯಾಗಿತ್ತು. ನೇರ ಸಾಹೇಬನ ಮುಂದೆ ನಿಂತಳು.

"ಕೂಲಿ ಇಲ್ಲ ಅಂದ್ರಲ್ಲ ಸಾರ್. ಬಿಚ್ಚಿದ ಮಾಲು?"

ಸಾಹೇಬ ಪೇಪರು ಓದುತ್ತಿದ್ದ. "ಆ ಹಾಳುಮೂಳೆಲ್ಲ ನೀವೇ ತಗೊಂಡು ಹೋಗಿ. ಒಂದು ಚೂರೂ ನನ್ನ ಕಣ್ಣಿಗೆ ಬೀಳಬಾರದು."

"ನೀವೇ ಹೇಳಿದ್ದು ಸಾರ್."

"ಹೇಳಿದೆನಲ್ಲಮ್ಮಾ, ಹೋಗು."

ಹಾರೆಯಕ್ಕ ಒಳಗೆ ಬಂದು ಗಂಡನ ಕೈಯಿಂದ ಸುತ್ತಿಗೆ ಕಿತ್ತುಕೊಂಡಳು. "ಇವತ್ತು ಯಾರೂ ಬೀಸಬಾರದು. ಬಿಚ್ಚಬೇಕು." ಒಂದೊಂದು ತಿರುಪೂ ಬಿಚ್ಚಿದರು. ಕಮೋಡಿನ ಬುಡದ ಸಿಮೆಂಟನ್ನು ಉಳಿಯಿಂದ ಕೆರೆದು ಕೆರೆದು, ಎಳೇ ಕರುವನ್ನು ಹೊರಗೆಳೆಯುವ ಹಾಗೆ ಬಿಡಿಸಿದರು. ಬಾಗಿಲು ಚೌಕಟ್ಟಿನ ಸಮೇತ ಬಂತು. ಚಿಲಕವನ್ನು ಹಾರೆಯಕ್ಕ ಮೊದಲೇ ಬಿಚ್ಚಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಎಲ್ಲವನ್ನೂ ತಳ್ಳುಗಾಡಿಗೆ ಏರಿಸಿದರು. ಏರಿಸಿದಮೇಲೆ ಮೂಲೆಯಲ್ಲಿ ಕೂತ ಅತ್ತೆಯ ನೆನಪಾಯಿತು. ಗೋಡೆ ಒಡೆಯುವಾಗ ಬಂದು ಮೇಸ್ತ್ರಿಕೆ ಮಾಡದೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಈಗ ಮಂಡಿ ಹಿಡಿದುಕೊಂಡಿತ್ತು. ಗಾಡಿಯಲ್ಲಿ ಕೂರಲು ಜಾಗ ಉಳಿದದ್ದು ಒಂದೇ ಕಡೆ. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂರಿಸಿದರು. ಅತ್ತೆ ಟ್ಯಾಂಕಿಗೆ ಬೆನ್ನು ಕೊಟ್ಟು, ಕೋಲನ್ನು ಮುಂದಕ್ಕೆ ಚಾಚಿ, ಪೇಟೆಯ ನಡುಬೀದಿಯಲ್ಲಿ ಮನೆಗೆ ಬಂದಳು. ಜನ ನಕ್ಕರು.

"ನಗ್ರಪ್ಪ ನಗಿ," ಅಂದಳು ಅತ್ತೆ. "ಇಂಥ ಆಸನದ ಮೇಲೆ ನಿಮ್ಮಜ್ಜಿ ಕೂತಿದ್ಲಾ?"

ಆ ವಾರ ಕಟ್ಟಿದರು. ಕಟ್ಟುವುದು ಅವರಿಗೆ ಬರುತ್ತಿರಲಿಲ್ಲ. ಗೋಡೆ ಒಂದು ಕಡೆ ಉಬ್ಬಿತು, ಒಂದು ಕಡೆ ಕುಗ್ಗಿತು. ಪ್ರತಿ ಸಾಲಿಗೂ ಆಯ್ತಪ್ಪ ರೂಢಿಯಂತೆ ಗಟ್ಟಿಯಿದೆಯೇ ಎಂದು ಸುತ್ತಿಗೆಯಿಂದ ತಟ್ಟಲು ಹೋಗುತ್ತಿದ್ದ. ಅತ್ತೆ ಕೋಲಿನಿಂದ ಕೈಗೆ ಹೊಡೆಯುತ್ತಿದ್ದಳು. ಕಡೆಗೆ ಸುತ್ತಿಗೆಯನ್ನೇ ಬಚ್ಚಿಟ್ಟಳು. ನಲ್ಲಿ ರಿಪೇರಿಯವನು ಬಂದು ಹಳೇ ಗುಂಡಿಗೆ ಪೈಪು ಕೂಡಿಸಿದ. ಅವನಿಗೆ ಕೈತೊಳೆಯುವ ತೊಟ್ಟಿ ಕೊಟ್ಟರು. ಕಂಡಕ್ಟರ್ ಬಂದು ನೋಡಿ ಗಲ್ಲ ಕೆರೆದುಕೊಂಡ.

"ಹೋಲ್ಡಾನ್. ಸಾಲ ಬರದೇ ಹೋದ್ರೆ ಇದೆಲ್ಲ ನಂದೇ ಆಗುತ್ತಲ್ಲ?"

"ಹೌದು," ಅಂದಳು ಹಾರೆಯಕ್ಕ.

"ಆಮೇಲೆ ನೀವೇ ಒಡೀಬೇಕಲ್ಲ?"

ಹಾರೆಯಕ್ಕ ಚಿಲಕದ ತಿರುಪನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

ಚಿಲಕ ಹಾಕಿದಳು, ಒಳಗೆ ಕೂರಲಿಲ್ಲ. ಮನೆ ತನ್ನದಾಗುವವರೆಗೆ ಯಾರೂ ಕೂರಬಾರದು ಎಂದಳು. ಅತ್ತೆ ಬಾಯಿಗೆ ಬಂದಂತೆ ಬೈದಳು, ಆದರೂ ಓಣಿಯ ತುದಿಗೇ ಹೋಗಿ ಹಾಡಿದಳು.

ಮುಂದಿನ ಭಾನುವಾರ ಸಾಹೇಬ ಮತ್ತೆ ಕರೆಸಿದ. ತಿಂಗಳ ಕಡೆಯ ಭಾನುವಾರ ಅದು. ಕೆಳಗಿನ ಬಚ್ಚಲಿಗೆ ಹೊಸ ಕಲ್ಲು ಇನ್ನೂ ಬಂದಿರಲಿಲ್ಲ, ಅಲ್ಲಿ ಬರೀ ಗುಂಡಿ. ಈಗ ಮೇಲಿನದನ್ನೂ ಒಡೆಯಬೇಕಂತೆ. ಎರಡೂ ಒಂದೇ ಬಣ್ಣವಾಗಬೇಕು ಎಂದು ಹೆಂಡತಿಯ ಹಟ. ಬೆಳಿಗ್ಗೆ ಬೇಗ ಶುರು ಮಾಡಿ, ಮಧ್ಯಾಹ್ನ ನಮ್ಮಣ್ಣನ ಮನೆಯವರು ಊಟಕ್ಕೆ ಬರುತ್ತಾರೆ, ಅಷ್ಟರಲ್ಲಿ ಗುಡಿಸಿ ಹೋಗಿಬಿಡಿ ಎಂದಳು. ಬಂದವರು ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಯೋಚಿಸಿದಂತಿರಲಿಲ್ಲ.

ಮೇಲಿನದು ಮುಗಿಯಿತು. ಕಮೋಡು ಬಿಡಿಸಿ ಮೊಗಸಾಲೆಗೆ ತಂದರು. ಒಡೆದ ಕಲ್ಲು, ಗಾರೆ ಎಲ್ಲ ಮೆಟ್ಟಿಲ ಮೇಲೆ ಗುಡ್ಡೆಯಾಗಿತ್ತು. ಇನ್ನು ಬುಟ್ಟಿಯಲ್ಲಿ ತುಂಬಿ ಇಳಿಸುವುದು ಬಾಕಿ. ಹಾರೆಯಕ್ಕ ಕೇಳಿದಳು.

"ನಮ್ಮ ಮನೆ ನೋಡೋಕೆ ಯಾವಾಗ ಬರ್ತೀರಿ ಸಾರ್? ತಿಂಗಳು ಮುಗೀತಾ ಬಂತು. ಈಗ ಕಕ್ಕಸೂ ಇದೆ."

"ಬರೋಣ, ಬರೋಣ. ಮುಂದಿನ ತಿಂಗಳು ನೋಡೋಣ."

"ಮುಂದಿನ ತಿಂಗಳು ಮನೇನೇ ಇರಲ್ಲ ಸಾರ್."

"ಅದಕ್ಕೆ ನಾನೇನು ಮಾಡ್ಲಿ? ನಿಮ್ಮಂಥವರ ಫೈಲು ಎತ್ತಿ ಹಿಡಿಯೋದು ಸುಲಭ ಅಂದ್ಕೊಂಡಿದ್ದೀಯಾ? ಬರೋ ಭಾನುವಾರ ಅಡುಗೆಮನೆ ಇದೆ. ಆಮೇಲೆ ಕಾಂಪೌಂಡು. ಅದೆಲ್ಲ ಮುಗೀಲಿ." ಅವನು ಆಯ್ತಪ್ಪನ ಕಡೆ ತಿರುಗಿದ. "ಏನಪ್ಪಾ?"

ಎಲ್ಲರೂ ಆಯ್ತಪ್ಪನನ್ನು ನೋಡಿದರು. ಆಯ್ತಪ್ಪ ಬಾಯಿ ತೆರೆದ. ಹೊರಡಬೇಕಾದ ಮಾತು ಗಂಟಲಲ್ಲಿ ಧೂಳಿಗೆ ಸಿಕ್ಕಿಕೊಂಡಿತು. ಕೆಮ್ಮಿದ. ಹೆಂಡತಿಯ ಬೆರಳು ಹಾರೆಗೆ ಅಂಟಿಕೊಂಡಿದ್ದನ್ನು ನೋಡಿದ.

"ಆಗಲ್ಲ," ಅಂದ.

ಅಂದವನಿಗೇ ಗಾಬರಿಯಾಗಿ ಹಿಂತಿರುಗಿ ನೋಡಿದ, ಬೇರೆ ಯಾರಾದರೂ ಅಂದರೋ ಎಂದು.

"ಏನಂದೆ?"

"ಆಗಲ್ಲ ಅಂದೆ ಸಾರ್." ಈ ಸಲ ಸಲೀಸಾಗಿ ಬಂತು. ರುಚಿಯಾಗಿಯೂ ಇತ್ತೇನೋ. "ಅಡುಗೆಮನೆ ಆಗಲ್ಲ. ಕಾಂಪೌಂಡೂ ಆಗಲ್ಲ. ಈ ಬುಟ್ಟಿ ಎತ್ತೋದೂ ಆಗಲ್ಲ."

ಹಾರೆಯಕ್ಕ ಹಾರೆಯನ್ನು ಮೆಟ್ಟಿಲಿಗೆ ಅಡ್ಡ ಮಲಗಿಸಿದಳು. ಗುಡ್ಡೆಯ ಮೇಲೆ ಕೂತಳು. ಗಂಡ ಪಕ್ಕದಲ್ಲಿ ಕೂತ. ಮೈದುನ ಪೇಪರು ಹಾಸಿಕೊಂಡು ಕೂತ. ಅತ್ತೆ ಆಗಲೇ ಮೊಗಸಾಲೆಯ ಕಮೋಡಿನ ಮುಚ್ಚಳದ ಮೇಲೆ ವಿರಾಜಮಾನಳಾಗಿದ್ದಳು.

ಸಾಹೇಬ ಕೂಗಿದ. ಪೊಲೀಸರನ್ನು ಕರೆಯುತ್ತೇನೆ ಎಂದ.

"ಕರೀರಿ ಸಾರ್," ಅಂದಳು ಹಾರೆಯಕ್ಕ. "ಸಾಲದ ಆಸೆ ತೋರಿಸಿ ಪುಗಸಟ್ಟೆ ಕೆಲಸ ಮಾಡಿಸ್ಕೊಂಡೆ, ಅವ್ರು ಮುಗಿಸ್ಲಿಲ್ಲ ಅಂತ ಬರೆಸಿ. ನಾವೂ ಬಂದು ಹೆಬ್ಬೆಟ್ಟು ಒತ್ತುತೀವಿ."

ಬೇರೆ ಕೂಲಿಯವರನ್ನು ತರುತ್ತೇನೆ ಎಂದ. ಭಾನುವಾರ ಯಾರು ಸಿಗುತ್ತಾರೆ? ಗಡಿಯಾರ ಓಡುತ್ತಿತ್ತು. ಹೆಂಡತಿ ಮೇಲೆ ನಿಂತು ಅಳುದನಿ ತೆಗೆದಳು. "ಅಣ್ಣ ಹೊರಟಾಯ್ತಂತೆ! ಅತ್ತಿಗೆಗೆ ಸಕ್ಕರೆ ಕಾಯಿಲೆ ಬೇರೆ, ಗಳಿಗೆಗೊಂದು ಸಲ ಹೋಗ್ಬೇಕು! ಈ ಕೆಲಸದವ್ರೇನು ಹೇಳ್ತಾರೋ ಅದನ್ನ ಮಾಡ್ರೀ ಮೊದ್ಲು!"

ಸಾಹೇಬ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಬೆಳಿಗ್ಗೆ ಎದ್ದವನು ಆಮೇಲೆ ಹೋದರಾಯಿತು ಎಂದು ಸೋಮಾರಿತನ ಮಾಡಿದ್ದ. ಅಷ್ಟರಲ್ಲಿ ಇವರು ಬಂದು ಬಿಚ್ಚಿಬಿಟ್ಟಿದ್ದರು. ಆ ಕಾಲು ಬದಲಿಸುವುದನ್ನು ಹಾರೆಯಕ್ಕ ನೋಡಿದಳು. ಅದು ಅವಳಿಗೆ ಚೆನ್ನಾಗಿ ಪರಿಚಯವಿದ್ದ ಕುಣಿತ.

"ರಸ್ತೆ ಕೊನೇಲಿ ಖಾಲಿ ಸೈಟಿದೆ ಸಾರ್," ಅಂದಳು.

ಸಾಹೇಬನ ಮುಖ ಕಪ್ಪಿಟ್ಟಿತು. ಕಿಟಕಿಯಿಂದ ಆ ಕಡೆ ನೋಡಿದ. ಬಾಲ್ಕನಿಯಲ್ಲಿ ಬನಿಯನ್ನಿನವನು ನಿಂತಿದ್ದ. ಕೈಬೀಸಿದ. ಅವನೂ ಬ್ಯಾಂಕಿನ ಗಿರಾಕಿಯೇ.

"ಏನಾಗಬೇಕು ನಿಮಗೆ?" ಸಾಹೇಬ ಹಲ್ಲು ಕಚ್ಚಿ ಕೇಳಿದ.

"ಈಗಲೇ ಬಂದು ಮನೆ ನೋಡಿ. ಕಂಡದ್ದನ್ನ ಬರೀರಿ. ಹೆಚ್ಚು ಬೇಡ, ಕಡಿಮೆ ಬೇಡ. ಆಮೇಲೆ ಬುಟ್ಟಿ ಎತ್ತುತೀವಿ."

ಸಾಹೇಬ ಕಾಗದಪತ್ರದ ಚೀಲ ಹಿಡಿದು ಸ್ಕೂಟರ್ ಹತ್ತಿದ. ಹಿಂದೆ ಹಾರೆಯಕ್ಕ ಕೂತಳು. ಉಳಿದವರು ಅತ್ತೆಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹಿಂದೆಯೇ ಓಡಿದರು. ರಸ್ತೆಯ ಉಬ್ಬು ಬಂದಾಗಲೆಲ್ಲ ಸಾಹೇಬ ಉಸಿರು ಬಿಗಿಹಿಡಿಯುತ್ತಿದ್ದ. ಕಂಡಕ್ಟರನ ಮನೆ ಬಂತು. ಕಂಡಕ್ಟರ್ ಜಗಲಿಯ ಮೇಲೆ ಕೂತಿದ್ದ. ಸಾಹೇಬ ಸೂರು ನೋಡಲಿಲ್ಲ, ನಲ್ಲಿ ನೋಡಲಿಲ್ಲ. ನೆಟ್ಟಗೆ ಹಿತ್ತಲಿಗೆ ನಡೆದ. ನಡೆದವನು ನಿಂತ.

ಉಬ್ಬು ತಗ್ಗಿನ ಗೋಡೆ. ಅದರ ನಡುವೆ ಹಸಿರು ಬಾಗಿಲು. ಬಾಗಿಲ ಮೇಲೆ ಕೊಕ್ಕು ಹರಿದ ಬಾತುಕೋಳಿ ಅವನನ್ನೇ ನೋಡುತ್ತಿತ್ತು.

"ಇದು ನಮ್ಮ ಬಾಗಿಲು!"

"ಆಗಿತ್ತು ಸಾರ್," ಅಂದಳು ಹಾರೆಯಕ್ಕ. "ಕೂಲಿ ಬದಲಿಗೆ ನೀವೇ ಕೊಟ್ಟದ್ದು."

"ನಾನು..." ಸಾಹೇಬನಿಗೆ ಮಾತು ಮುಗಿಸುವಷ್ಟು ಪುರುಸೊತ್ತು ಉಳಿದಿರಲಿಲ್ಲ. ಬಾಗಿಲಿಗೆ ಕೈ ಹಾಕಿದ.

ಹಾರೆಯಕ್ಕ ಬಾಗಿಲಿಗೆ ಅಡ್ಡ ನಿಂತಳು. ಒಂದು ಗಳಿಗೆ. ಹೆಚ್ಚಿಲ್ಲ. ಬಾಲ್ಕನಿಯವನು ನೋಡಿದಷ್ಟು ಹೊತ್ತು. ಸಾಹೇಬನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೇಡ ಎಂದು ಹೇಳಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡಳು. ಸರಿದು ನಿಂತಳು.

"ಹೋಗಿ ಸಾರ್. ನಮ್ಮನೇಲಿ ಯಾರಿಗೂ ಬೇಡ ಅನ್ನಲ್ಲ."

ಸಾಹೇಬ ಒಳಗೆ ಹೋದ. ಚಿಲಕ ಬಿದ್ದ ಸದ್ದು ಕೇಳಿತು. ಟಕ್. ಹಾರೆಯಕ್ಕ ಆ ಸದ್ದನ್ನು ಕಿವಿಗೊಟ್ಟು ಕೇಳಿದಳು.

ಅಷ್ಟರಲ್ಲಿ ತಳ್ಳುಗಾಡಿಯೂ ಬಂತು. ಎಲ್ಲರೂ ಬಾಗಿಲ ಮುಂದೆ ಸಾಲಾಗಿ ನಿಂತರು.

"ಸಾರ್," ಹಾರೆಯಕ್ಕ ಹೊರಗಿನಿಂದ ಕೂಗಿದಳು. "ಚಿಲಕ ಸರಿಯಾಗಿ ಬೀಳುತ್ತಾ?"

ಒಳಗಿನಿಂದ ದನಿ ಬಂತು. "ಬೀಳುತ್ತೆ."

"ನೀರು ಬರುತ್ತಾ?"

ಜೋರಾಗಿ ನೀರು ನುಗ್ಗಿದ ಸದ್ದು. "ಬರುತ್ತೆ."

"ಮೇಲೆ ಸೂರು?"

"ಇದೆ ಕಣಮ್ಮಾ!"

"ಹಾಗಾದ್ರೆ ಮನುಷ್ಯರು ಇರಬಹುದಾ ಸಾರ್?"

ಚಿಲಕ ತೆರೆಯಿತು. ಹೊರಗೆ ಬಂದವನು ಯಾರ ಮುಖವನ್ನೂ ನೋಡದೆ ಜಗಲಿಯ ಮೇಲೆ ಕೂತು ಬರೆದ. ಕಂಡಕ್ಟರ್ ಅವನ ಹೆಗಲ ಮೇಲಿಂದ ಬಗ್ಗಿ, ಟಿಕೇಟು ನೋಡುವವನಂತೆ ಕಣ್ಣು ಕಿರಿದು ಮಾಡಿ ಗಟ್ಟಿಯಾಗಿ ಓದಿದ. ಸೂರು ಇದೆ, ಬಾಗಿಲು ಇದೆ, ನೀರು ಇದೆ, ಕಕ್ಕಸು ಇದೆ. ಮನೆ ವಾಸಕ್ಕೆ ಯೋಗ್ಯ. ಸಾಲ ಕೊಡಬಹುದು. ಕೆಳಗೆ ಸಹಿ.

"ರೈಟ್," ಅಂದ ಕಂಡಕ್ಟರ್. "ಈ ಕಾಗದ ಸಾಕು ನನಗೆ. ಮನೆ ಕೆಡವಲ್ಲ. ದುಡ್ಡು ಬರೋವರೆಗೆ ಕಾಯ್ತೀನಿ."

"ಈಗ ಬನ್ನಿ," ಸಾಹೇಬ ಎದ್ದ. "ಮೆಟ್ಟಿಲು ಖಾಲಿ ಮಾಡಿ. ಅಲ್ಲಿ ನನ್ನ ಹೆಂಡ್ತಿ ಅಣ್ಣ ಬಂದಿರ್ತಾನೆ."

"ಬುಟ್ಟಿ ಎತ್ತುತೀವಿ ಅಂದಿದ್ದೆ, ಎತ್ತುತೀವಿ," ಅಂದಳು ಹಾರೆಯಕ್ಕ. "ಆ ಮೇಲಿನ ಕಮೋಡು ಹೇಗೂ ನಮ್ದೇ. ಆದ್ರೆ ಬೇಗ ಕೂರಿಸಿಕೊಡಬೇಕು ಅಂದ್ರೆ ಅದನ್ನ ನಿಮಗೇ ಕೊಡ್ತೀವಿ. ಕೂಲಿ ಎಷ್ಟು ಕೊಡ್ತೀರಿ ಹೇಳಿ."

ಸಾಹೇಬ ಆಯ್ತಪ್ಪನ ಕಡೆ ನೋಡಿದ. ಆಯ್ತಪ್ಪ ಮನೆಯ ಸೂರು ನೋಡುತ್ತಿದ್ದ.

ಅಷ್ಟರಲ್ಲಿ ಹಿತ್ತಲಿನಿಂದ ಹಾಡು ಕೇಳಿತು. ಅತ್ತೆ ಯಾವಾಗಲೋ ಒಳಗೆ ಸೇರಿಕೊಂಡಿದ್ದಳು.

"ಅತ್ತೇ, ಚಿಲಕ ಇದೆಯಲ್ಲ, ಇನ್ನೂ ಯಾಕೆ ಹಾಡ್ತೀರಿ?" ಹಾರೆಯಕ್ಕ ಕೂಗಿದಳು.

"ಇಷ್ಟು ದಿನ ಹಾಡಿದ್ದು ಹೆದರಿ ಕಣೇ. ಇವತ್ತು ಖುಷಿಗೆ. ಸುಮ್ನಿರು!"

ಸಾಹೇಬ ಸ್ಕೂಟರಿನ ಹತ್ತಿರ ನಿಂತು ಹೊತ್ತಾಯಿತು, ಹೊತ್ತಾಯಿತು ಎಂದು ಕೂಗುತ್ತಿದ್ದ. ಹಾರೆಯಕ್ಕ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಒಂದು ಚೆಂಬು ನೀರು ತುಂಬಿಕೊಂಡು ಜಗಲಿಗೆ ಬಂದಳು. ಮಟಮಟ ಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲಿತ್ತು, ಕೆಲಸ ಇನ್ನೂ ಅರ್ಧ ಬಾಕಿಯಿತ್ತು. ಎಲ್ಲರ ಎದುರಿಗೆ ಚೆಂಬನ್ನು ಎತ್ತಿ ಗಟಗಟ ಕುಡಿದಳು. ನೀರು ಗಲ್ಲದಿಂದ ಇಳಿದು ಕುತ್ತಿಗೆಯ ಧೂಳಿನಲ್ಲಿ ದಾರಿ ಮಾಡಿಕೊಂಡಿತು.

ಚೆಂಬು ಖಾಲಿಯಾಯಿತು. ಒಳಗೆ ಹೋಗಿ ಇನ್ನೊಂದು ತುಂಬಿಕೊಂಡಳು.